ಮಾತು ಬಾರದ ಮನೆಯಲ್ಲಿ ಊಟ

ಪ್ರಶ್ನೆ: ಉದ್ಯೋಗದ ನಿಮಿತ್ತ ಕೆಲವು ತಿಂಗಳು ವಿದೇಶದಲ್ಲಿರಬೇಕಾಗಿದೆ. ಅಲ್ಲಿನ ಸಹೋದ್ಯೋಗಿಯೊಬ್ಬರ ವೃದ್ಧ ತಂದೆತಾಯಿ ನನ್ನನ್ನು ಊಟಕ್ಕೆ ಕರೆದಿದ್ದಾರೆ. ಅವರ ಭಾಷೆ ನನಗೆ ಬಾರದು, ಇಂಗ್ಲಿಷ್ ಅವರಿಗೆ ಬಾರದು. ಆ ದಿನ ಸಹೋದ್ಯೋಗಿಯೂ ಊರಿನಲ್ಲಿರುವುದಿಲ್ಲ. ಎರಡು ಗಂಟೆ ಮೊಬೈಲಿನ ಅನುವಾದ ಆ್ಯಪ್ ಹಿಡಿದು ಕೂರಬೇಕೇ, ಅಥವಾ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳಬೇಕೇ?

ಉತ್ತರ: ಖಂಡಿತ ಹೋಗಿ. ಭಾಷೆ ಬಾರದವರೊಡನೆ ಕಳೆಯುವ ಹೊತ್ತಿನಲ್ಲಿ ಊಟದ ಹೊತ್ತಿನಷ್ಟು ಸಲೀಸಾದುದು ಬೇರೊಂದಿಲ್ಲ. ಕೈಗೂ ಬಾಯಿಗೂ ಕೆಲಸವಿರುವುದರಿಂದ ಅಲ್ಲಿ ಸುಮ್ಮನಿರುವುದು ಯಾರಿಗೂ ಮುಜುಗರವೆನಿಸುವುದಿಲ್ಲ. ಅಲ್ಲದೆ ಬಡಿಸುವುದು, ಸಾಕೆನ್ನುವುದು, ಮೆಚ್ಚುವುದು ಇವೆಲ್ಲಕ್ಕೂ ಮಾತಿನ ಹಂಗಿಲ್ಲದ ರೂಢಿಗಳು ಬಹಳಷ್ಟು ಕಡೆ ಬೆಳೆದುಬಂದಿವೆ. ಕೊಲ್ಲಿಯ ಅರಬ್ ದೇಶಗಳಲ್ಲಿ ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಕಾಫಿಯನ್ನು ಮತ್ತೆ ಮತ್ತೆ ಸುರಿಯುತ್ತಾರೆ; ಸಾಕೆನಿಸಿದವರು ಬಟ್ಟಲನ್ನು ಮೆಲ್ಲಗೆ ಅತ್ತಿತ್ತ ಅಲ್ಲಾಡಿಸಿ ಹಿಂದಿರುಗಿಸಬೇಕು. ಹಾಂಗ್‌ಕಾಂಗ್‌ನಲ್ಲಿ ಯಾರಾದರೂ ಚಹಾ ಬಗ್ಗಿಸಿದಾಗ ಬೆರಳುಗಳಿಂದ ಮೇಜನ್ನು ಹಗುರವಾಗಿ ತಟ್ಟಿದರೆ ಅದೇ ಧನ್ಯವಾದ. ಇಥಿಯೋಪಿಯಾದ ಮನೆಯೊಡತಿ ದೊಡ್ಡ ತುತ್ತೊಂದನ್ನು ಕಟ್ಟಿ ನೇರವಾಗಿ ನಿಮ್ಮ ಬಾಯಿಗೇ ಇಡಬಹುದು. ಅದು ಪ್ರೀತಿಯ ತುತ್ತು, ಹಿಂಜರಿಯದೆ ಬಾಯಿ ತೆರೆಯುವುದೇ ಸರಿ.

ಆದರೆ ಸನ್ನೆಗಳೆಲ್ಲ ಎಲ್ಲ ಕಡೆಯೂ ಒಂದೇ ಎಂದು ನಂಬಿ ಹೊರಟರೆ ತೊಡಕಾಗುತ್ತದೆ. ಬಲ್ಗೇರಿಯಾದಲ್ಲಿ ತಲೆಯನ್ನು ಅಡ್ಡಡ್ಡ ಆಡಿಸುವುದು ಒಪ್ಪಿಗೆಯ ಸೂಚನೆ; ಗ್ರೀಸ್ ಮತ್ತು ಟರ್ಕಿಯಲ್ಲಿ ಗದ್ದವನ್ನು ಮೇಲಕ್ಕೆತ್ತಿ ಹುಬ್ಬೇರಿಸಿದರೆ ಬೇಡವೆಂದರ್ಥ. ತಟ್ಟೆಯ ವಿಷಯವೂ ಹೀಗೆಯೇ. ಚೀನಾದ ಸಂಪ್ರದಾಯಸ್ಥ ಮನೆಗಳಲ್ಲಿ ಅತಿಥಿಯು ಎಲ್ಲವನ್ನೂ ಖಾಲಿ ಮಾಡಿದರೆ ಬಡಿಸಿದ್ದು ಸಾಲಲಿಲ್ಲವೇನೋ ಎಂದು ಮನೆಯವರು ಪೇಚಾಡಬಹುದು. ಜಪಾನಿನಲ್ಲಾದರೋ ಬಟ್ಟಲಿನಲ್ಲಿ ಅನ್ನದ ಅಗುಳು ಉಳಿಸುವುದು ಸಭ್ಯತೆಯಲ್ಲ. ಅಲ್ಲಿಯೇ ಚಾಪ್‌ಸ್ಟಿಕ್‌ಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿಡುವುದು ಸತ್ತವರಿಗೆ ಎಡೆಯಿಡುವ ಕ್ರಮ. ಇಂಥವನ್ನೆಲ್ಲ ಉರುಹೊಡೆಯುವ ಅಗತ್ಯವಿಲ್ಲ. ಮನೆಯ ಹಿರಿಯರು ಮೊದಲು ಏನನ್ನು ಮುಟ್ಟುತ್ತಾರೆ, ಹೇಗೆ ಹಿಡಿಯುತ್ತಾರೆ, ಯಾವಾಗ ನಿಲ್ಲಿಸುತ್ತಾರೆ ಎಂಬುದನ್ನು ಗಮನಿಸುತ್ತ ಒಂದು ತುತ್ತು ಹಿಂದೆ ಉಳಿದರೆ ಸಾಕು. ಏನೂ ತೋಚದಾದಾಗ ಎದೆಯ ಮೇಲೆ ಕೈಯಿಟ್ಟು ನಸುನಗುತ್ತ ತಲೆಬಾಗಿಸಿ. ಇದನ್ನು ಅಗೌರವವೆಂದು ತಿಳಿಯುವವರು ವಿರಳ.

ಮೊಬೈಲನ್ನು ಊಟ ಮುಗಿಯುವವರೆಗೂ ಜೇಬಿನಲ್ಲೇ ಇಡಬೇಕೆಂಬುದು ನನ್ನ ಸಲಹೆ. ಪ್ರತಿ ವಾಕ್ಯಕ್ಕೂ ಆ್ಯಪ್ ಬಳಸಿದರೆ ಇಬ್ಬರೂ ಪರದೆಯನ್ನು ನೋಡುತ್ತಾರೆಯೇ ಹೊರತು ಪರಸ್ಪರ ಮುಖ ನೋಡುವುದಿಲ್ಲ. ಅದರ ಬದಲು ಮೇಜಿನ ಮೇಲಿನ ಪದಾರ್ಥವನ್ನು ತೋರಿಸಿ ಹೆಸರು ಕೇಳಿ, ಹೇಳಿಕೊಟ್ಟಂತೆ ನುಡಿಯಲು ಯತ್ನಿಸಿ. ಅತಿಥಿಯ ಉಚ್ಚಾರಣೆಯನ್ನು ತಿದ್ದುವ ಅವಕಾಶವನ್ನು ಯಾವ ಅಜ್ಜಿಯೂ ಸುಲಭವಾಗಿ ಬಿಟ್ಟುಕೊಡಲಾರರು! ಊಟದ ಬಳಿಕ ಮನೆಯವರ ಫೋಟೊಗಳನ್ನು ತೋರಿಸಲು ಮೊಬೈಲ್ ಬೇಕಾದೀತು. ಆಗ ಆ್ಯಪ್‌ನ ನೆರವನ್ನೂ ಪಡೆಯಿರಿ. ಇಂಟರ್‌ನೆಟ್ ಸಿಗದಿದ್ದರೂ ನಡೆಯುವಂತೆ ಆ ಭಾಷೆಯನ್ನು ಮುಂಚಿತವಾಗಿಯೇ ಡೌನ್‌ಲೋಡ್ ಮಾಡಿಟ್ಟುಕೊಳ್ಳುವುದು ಒಳಿತು. ಚಪ್ಪಲಿ ಎಲ್ಲಿ ಬಿಡಬೇಕು, ಏನು ಕೊಂಡೊಯ್ಯಬೇಕು, ಎಷ್ಟು ಹೊತ್ತಿಗೆ ಏಳಬೇಕು ಎಂಬುದನ್ನು ಸಹೋದ್ಯೋಗಿಯನ್ನೇ ಕೇಳಿ ತಿಳಿದುಕೊಳ್ಳಿ. ಹೂವೆಂದರೆ ಎಲ್ಲೆಡೆ ಶುಭವೆಂದು ಭಾವಿಸಬೇಡಿ. ರಷ್ಯಾದಲ್ಲಿ ಸಮಸಂಖ್ಯೆಯ ಹೂಗಳು ಅಂತ್ಯಸಂಸ್ಕಾರಕ್ಕೆ ಮೀಸಲು.

ಪ್ರಶ್ನೆ: ನಾನು ಸಸ್ಯಾಹಾರಿ, ನೆಲಗಡಲೆಯ ಅಲರ್ಜಿಯೂ ಇದೆ. ಭಾಷೆ ಬಾರದ ಕಡೆ ಇದನ್ನು ತಿಳಿಸುವುದು ಹೇಗೆ?

ಉತ್ತರ: ಇದನ್ನು ಮಾತ್ರ ಸನ್ನೆಗೆ ಬಿಡಬಾರದು. ಅಲರ್ಜಿಯ ವಿಷಯವನ್ನು ಎರಡೂ ಭಾಷೆ ಬಲ್ಲವರಿಂದ ಚೀಟಿಯಲ್ಲಿ ಬರೆಯಿಸಿ, ಊಟದ ದಿನಕ್ಕಿಂತ ಮೊದಲೇ ಮನೆಯವರಿಗೆ ತಲುಪಿಸಿ. ಯಂತ್ರದ ಅನುವಾದವೊಂದನ್ನೇ ನಂಬಿ ಕೂರುವುದು ಅಪಾಯ. ಅಡುಗೆಯವರು ನೆಲಗಡಲೆ ಎಣ್ಣೆಯನ್ನು ನೆಲಗಡಲೆಯೆಂದು ಎಣಿಸದಿರಬಹುದಾದ್ದರಿಂದ ಅದನ್ನೂ ಪ್ರತ್ಯೇಕವಾಗಿ ಬರೆಯಿಸಿ.

ಸಸ್ಯಾಹಾರಿಯೆಂದು ಹೇಳಿದ ಮಾತ್ರಕ್ಕೆ ಸಂದೇಹ ತೀರುವುದಿಲ್ಲ. ಜಪಾನಿನ ಅನೇಕ ತರಕಾರಿ ಅಡುಗೆಗಳಿಗೆ ಒಣಮೀನಿನ ಸಾರು ಆಧಾರ. ಥಾಯ್ಲೆಂಡ್ ಮತ್ತು ವಿಯೆಟ್ನಾಂನಲ್ಲಿ ಉಪ್ಪಿನ ಜಾಗದಲ್ಲಿ ಮೀನಿನ ಸಾಸ್ ಬೀಳುತ್ತದೆ. ಆದ್ದರಿಂದ ಮಾಂಸ, ಕೋಳಿ, ಮೀನು, ಮೀನಿನ ಸಾಸ್, ಮಾಂಸದ ಸಾರು ಎಂದು ಒಂದೊಂದನ್ನೂ ಹೆಸರಿಸಿ. ಆ ನಾಡಿನಲ್ಲಿ ಉಪವಾಸದ ಅಡುಗೆಯಿದ್ದರೆ ಅದನ್ನೇ ಕೇಳುವುದು ಇನ್ನೂ ಸುಲಭ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ ಮತ್ತು ಶುಕ್ರವಾರ ಮಾಂಸ, ಹಾಲು, ಮೊಟ್ಟೆಗಳನ್ನು ವರ್ಜಿಸುತ್ತಾರೆ. ಅಂಥ ಮನೆಯಲ್ಲಿ ಆ ಎರಡು ದಿನಗಳಲ್ಲೊಂದನ್ನು ಊಟಕ್ಕೆ ಗೊತ್ತುಮಾಡಿಕೊಂಡರೆ ನಿಮಗಾಗಿ ಯಾರೂ ಬೇರೆ ಅಡುಗೆ ಮಾಡಬೇಕಾಗುವುದಿಲ್ಲ.