ಕ್ರಿಯೇಟಿನಿನ್ ನಾರ್ಮಲ್ ಇದ್ದರೂ ಮೂತ್ರ ಪರೀಕ್ಷೆ ಮಾಡಿಸಿ

ತಂದೆಗೆ ಒಂಬತ್ತು ವರ್ಷದಿಂದ ಶುಗರ್, ಆದರೆ ಕ್ರಿಯೇಟಿನಿನ್ ನಾರ್ಮಲ್, ಕಿಡ್ನಿ ಚಿಂತೆ ಬೇಡ ಅಲ್ವಾ ಎಂದು ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲೂ ಹೀಗೇ ಅಂದುಕೊಂಡಿದ್ದೆವು, ಅದಕ್ಕೇ ಬರೆಯುತ್ತಿದ್ದೇನೆ.

ಕ್ರಿಯೇಟಿನಿನ್ ಅಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಕಸ, ಅದು ರಕ್ತದಲ್ಲಿ ಏರುವುದು ತಡವಾಗಿ. ಕಿಡ್ನಿಯ ಕೆಲಸ ಅರ್ಧಕ್ಕೆ ಇಳಿಯುವ ತನಕವೂ ಅದು ನಾರ್ಮಲ್ ತೋರಿಸಬಹುದು. ಸಾಮಾನ್ಯವಾಗಿ ಅದಕ್ಕೂ ಎಷ್ಟೋ ಮೊದಲೇ ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಸೋರಲು ಶುರುವಾಗಿರುತ್ತದೆ. ಲ್ಯಾಬ್‌ನಲ್ಲಿ ಯೂರಿನ್ ಎಸಿಆರ್ (ಮೂತ್ರದಲ್ಲಿ ಕ್ರಿಯೇಟಿನಿನ್ ಜೊತೆ ಹೋಲಿಸಿ ಅಲ್ಬುಮಿನ್ ಎಷ್ಟಿದೆ ಎಂದು ನೋಡುವ ಪರೀಕ್ಷೆ) ಎಂದು ಕೇಳಿ. 30 mg/gಗಿಂತ ಕಡಿಮೆ ಇದ್ದರೆ ಸರಿ. ಜ್ವರ, ಮೂತ್ರದ ಸೋಂಕು ಇದ್ದಾಗಲೂ ಏರುತ್ತದೆ, ಹಾಗಾಗಿ ಜಾಸ್ತಿ ಬಂದರೆ ಗಾಬರಿಯಾಗದೆ ಇನ್ನೊಮ್ಮೆ ಮಾಡಿಸಿ. ಜೊತೆಗೆ ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತಿದೆ ಎಂಬ ಅಂದಾಜು) ಕೂಡ. ಎರಡನ್ನೂ ವರ್ಷಕ್ಕೊಮ್ಮೆ ತಪ್ಪಿಸಬೇಡಿ.

ನಮ್ಮ ಅಪ್ಪಯ್ಯನಿಗೆ ಎಸಿಆರ್ 180 ಬಂತು. ಬಿಪಿಯೂ 150 ದಾಟಿತ್ತು. ಬೇರೆ ಯಾವ ಮಾತ್ರೆ ತಗೊಳ್ತೀರಿ ಎಂದು ಡಾಕ್ಟರು ಕೇಳಿದರೆ, ಏನೂ ಇಲ್ಲ ಎಂದರು. ಅಮ್ಮ ಸುಮ್ನೆ ಅವರ ಅಂಗಿ ಜೇಬಿಗೆ ಕೈ ಹಾಕಿ ಡೈಕ್ಲೊಫೆನಾಕ್ ಶೀಟು ತೆಗೆದು ಮೇಜಿನ ಮೇಲಿಟ್ಟರು. ಹತ್ತರಲ್ಲಿ ಮೂರು ಉಳಿದಿತ್ತು. ಅಡಿಕೆ ಕೊಯ್ಲಿನ ಎರಡು ತಿಂಗಳು ಮಂಡಿನೋವಿಗೆ ಅದೇ ಊಟ! ಈ ಜಾತಿಯ ನೋವಿನ ಮಾತ್ರೆ ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತದೆ. ಶುಗರ್ ಇದ್ದವರು ಕೇಳದೆ ನುಂಗಬಾರದು.

ಬಿಪಿಗೆ ಟೆಲ್ಮಿಸಾರ್ಟನ್ ಕೊಟ್ಟರು, ಗುರಿ 130/80ರ ಒಳಗೆ. ಇದು ಸೋರಿಕೆಯನ್ನೂ ತಗ್ಗಿಸುತ್ತದೆ. ಶುರುವಿನಲ್ಲಿ ಕ್ರಿಯೇಟಿನಿನ್ ಸ್ವಲ್ಪ ಏರಬಹುದು, ಅದಕ್ಕೆ ಹೆದರಿ ನೀವೇ ನಿಲ್ಲಿಸಬೇಡಿ. ಜೊತೆಗೆ ಡಾಪಾಗ್ಲಿಫ್ಲೋಜಿನ್, ಇದು ಕಿಡ್ನಿಯನ್ನೂ ಕಾಯುವ ಶುಗರ್ ಮಾತ್ರೆ. ಪೇಟೆಂಟ್ ಮುಗಿದ ಮೇಲೆ ಇದರ ಬೆಲೆ ಚೆನ್ನಾಗಿ ಇಳಿದಿದೆ. ವಾಂತಿ-ಭೇದಿಯಾಗಿ ಊಟ ಸೇರದ ದಿನ ಇದನ್ನು ತಡೆಹಿಡಿಯಬೇಕಾಗುತ್ತದೆ, ಮೊದಲೇ ಕೇಳಿಟ್ಟುಕೊಳ್ಳಿ.

ಕಿಡ್ನಿ ಸೋತವರಿಗೆ ದಾರೆಹುಳಿ (ಸ್ಟಾರ್ ಫ್ರೂಟ್) ವಿಷವೇ ಸರಿ. ಅದೇ ಕುಲದ ಹುಳಿಕಾಯಿ ಬಿಂಬುಳಿಯ ಜ್ಯೂಸ್ ಶುಗರ್ ಇಳಿಸುತ್ತದೆ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅದರ ಆಕ್ಸಲೇಟ್‌ನಿಂದ ಕಿಡ್ನಿ ಕೆಟ್ಟವರಿದ್ದಾರೆ.

ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಬೇಕಂತೆ. ನಮ್ಮಲ್ಲಿ ಜಗಳ ಇರುವುದೇ ಇಲ್ಲಿ. ಅಪ್ಪಯ್ಯ ನೋವಿನ ಮಾತ್ರೆ ಬಿಟ್ಟರು, ಎಸಿಆರ್ ಈಗ 70ಕ್ಕೆ ಇಳಿದಿದೆ. ಅಪ್ಪೆಮಿಡಿ ಉಪ್ಪಿನಕಾಯಿ ಜಾಡಿಯನ್ನು ಮಾತ್ರ ಅಮ್ಮ ಇನ್ನೂ ಅಟ್ಟದ ಮೇಲೆ ಬಚ್ಚಿಡುತ್ತಾರೆ.