ಸೊಳ್ಳೆಪರದೆ ಹಂಚಿದರೆ ಸಾಲದೇ?

“ಆಫ್ರಿಕಾದಲ್ಲಿ ಮಲೇರಿಯಾ ತಡೆಗೆ ಸಂಘಸಂಸ್ಥೆಗಳು ಅಡ್ವೊಕೆಸಿ ಮಾಡುತ್ತವಂತೆ. ಹಾಗೆಂದರೆ ಜಾಗೃತಿ ಜಾಥಾವೇ? ಆ ದುಡ್ಡಲ್ಲಿ ಸೊಳ್ಳೆಪರದೆ ಹಂಚಬಾರದೇ?” ಎಂದು ಕೇಳಿದ್ದೀರಿ.

ಜಾಥಾ ಅದರಲ್ಲಿ ಸಣ್ಣ ಪಾಲು. ಹಣ ಮಂಜೂರು ಮಾಡಬಲ್ಲವರ ಮುಂದೆ, ಬಜೆಟ್ ಅಂತಿಮವಾಗುವ ಮೊದಲೇ, ಲೆಕ್ಕ ಸಮೇತ ಒಂದೇ ಒಂದು ಬೇಡಿಕೆ ಇಡುವುದು ನಿಜವಾದ ಕೆಲಸ. 2023ರಲ್ಲಿ ಜಗತ್ತಿನಲ್ಲಿ ಮಲೇರಿಯಾದಿಂದ ಸತ್ತವರು ಸುಮಾರು 5,97,000. ಅದರಲ್ಲಿ 95% ಆಫ್ರಿಕಾದವರು, ಅವರಲ್ಲೂ ಮುಕ್ಕಾಲು ಪಾಲು 5 ವರ್ಷದೊಳಗಿನ ಮಕ್ಕಳು.

ಪಶ್ಚಿಮ ಆಫ್ರಿಕಾದ ಸೆನೆಗಲ್ ದೇಶ ಒಳ್ಳೆಯ ಉದಾಹರಣೆ. ‘ಮಲೇರಿಯಾ ಸೊನ್ನೆ, ನನ್ನಿಂದಲೇ ಶುರು’ ಎಂಬ ಅಭಿಯಾನ 2014ರಲ್ಲಿ ಹುಟ್ಟಿದ್ದು ಅಲ್ಲಿ. 2018ರಲ್ಲಿ ಆಫ್ರಿಕನ್ ಒಕ್ಕೂಟ ಅದನ್ನು ಇಡೀ ಖಂಡಕ್ಕೆ ತಂದಿತು. ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಸಾಹೆಲ್ ಪಟ್ಟಿಯಲ್ಲಿ ರೋಗ ಮಳೆಗಾಲದ ಕೆಲವೇ ತಿಂಗಳಲ್ಲಿ ಒತ್ತೊತ್ತಾಗಿ ಬರುತ್ತದೆ. ಹಾಗಾಗಿ ಆ ತಿಂಗಳುಗಳಲ್ಲಿ 28 ದಿನಕ್ಕೊಮ್ಮೆ ಮನೆಮನೆಗೆ ಹೋಗಿ ಮಕ್ಕಳಿಗೆ ತಡೆಮಾತ್ರೆ ಕೊಡುತ್ತಾರೆ. ಬಹುತೇಕ ದೇಶಗಳಲ್ಲಿ 3ರಿಂದ 59 ತಿಂಗಳ ಮಕ್ಕಳಿಗೆ, ಸೆನೆಗಲ್‌ನಲ್ಲಿ 10 ವರ್ಷದವರೆಗೂ. ಮೊದಲ ದಿನ ಸಲ್ಫಡಾಕ್ಸಿನ್-ಪೈರಿಮೆಥಮಿನ್ ಜೊತೆಗೆ ಅಮೊಡಿಯಾಕ್ವಿನ್ ಎಂಬ ಮಾತ್ರೆಯನ್ನು ಕಾರ್ಯಕರ್ತರೇ ಕಣ್ಣೆದುರು ಕುಡಿಸುತ್ತಾರೆ. ಮುಂದಿನ ಎರಡು ದಿನದ ಅಮೊಡಿಯಾಕ್ವಿನ್ ತಾಯಿಯ ಕೈಗೆ. ಕೆಲಸ ಕೆಡುವುದು ಇಲ್ಲೇ: ಮಾತ್ರೆ ಕಹಿ, ಮಗು ವಾಂತಿ ಮಾಡುತ್ತದೆ, ಆಡಿಕೊಂಡಿರುವ ಮಗುವಿಗೆ ಮದ್ದು ಯಾಕೆಂದು ಅಜ್ಜಿ ಬೇಡವೆನ್ನುತ್ತಾಳೆ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಮತ್ತೆ ಕೊಡಬೇಕೆಂದು ಮನೆಯವರಿಗೆ ಮೊದಲೇ ಹೇಳಿರಬೇಕು. ಇದನ್ನು ಪೋಸ್ಟರ್‌ಗಿಂತ ಚೆನ್ನಾಗಿ ಹೇಳುವವರು ‘ಬಾಜೆನು ಗೊಖ್’ ಎಂಬ ಹೆಂಗಸರು. ವೊಲೊಫ್ ಭಾಷೆಯಲ್ಲಿ ಕೇರಿಯ ಸೋದರತ್ತೆ ಎಂದರ್ಥ. ಸೋದರತ್ತೆಯ ಮಾತಿಗಿರುವ ತೂಕ ನಮಗೂ ಗೊತ್ತಲ್ಲ!

ಈಗ ಬಜೆಟ್ಟಿಗೆ ಬನ್ನಿ. ಮಾತ್ರೆ ದಾನಿಗಳಿಂದ ಬಂದರೂ ಸಾಗಣೆ, ಪೆಟ್ರೋಲು, ಕಾರ್ಯಕರ್ತರ ದಿನಭತ್ಯೆಗೆ ದುಡ್ಡು ಬೇಕು. ಸೆನೆಗಲ್‌ನ ಆರ್ಥಿಕ ವರ್ಷ ಜನವರಿಗೆ ಶುರು, ಮಳೆ ಜೂನ್-ಜುಲೈಗೆ. ಮುಂದಿನ ಮಳೆಗಾಲದ ಹಣಕ್ಕೆ ಈ ವರ್ಷದ ಸೆಪ್ಟೆಂಬರಿಗೇ ಮೇಯರ್ ಮುಂದೆ ಕೂರಬೇಕು. ಏಪ್ರಿಲ್ 25ರ ವಿಶ್ವ ಮಲೇರಿಯಾ ದಿನದಂದು ಭಾಷಣ ಮಾಡಿ ಮನವಿ ಕೊಟ್ಟರೆ ಬಜೆಟ್ ಆಗಲೇ ಮುಗಿದಿರುತ್ತದೆ. ಎಷ್ಟೋ ಸಂಘಗಳು ಮಾಡುವ ತಪ್ಪು ಇದೇ. ಮನವಿ ಒಂದು ಪುಟ ಸಾಕು: ಎಷ್ಟು ಮಕ್ಕಳು, ಎಷ್ಟು ಸುತ್ತು, ಎಷ್ಟು ಕಾರ್ಯಕರ್ತರು, ಕೊರತೆ ಎಷ್ಟು, ಯಾವ ತಾರೀಕಿನೊಳಗೆ.

ಪರದೆಗೂ ಲೆಕ್ಕ ಬೇಕೇ ಬೇಕು. ಇಬ್ಬರಿಗೊಂದು ಎನ್ನುತ್ತಾರೆ, ಆದರೆ ಖರೀದಿಗೆ 1.8 ಜನಕ್ಕೊಂದು ಎಂದು ಹಿಡಿಯಬೇಕು, ಯಾಕೆಂದರೆ ಐದು ಜನರ ಮನೆಗೆ ಮೂರು ಬೇಕು. 1,800 ಜನರ ಊರಿಗೆ 1,000. ಹಳೆಯ ಜನಗಣತಿ ನಂಬಿದರೆ ಕೊನೆಯ ಕೇರಿಗೆ ಪರದೆಯೇ ಉಳಿಯುವುದಿಲ್ಲ. ಹಂಚುವ ಮೊದಲು ಮನೆಮನೆ ನೋಂದಣಿ ಆಗಲೇಬೇಕು. ಈ ಪರದೆಗಳಿಗೆ ಕೀಟನಾಶಕ ಸೇರಿಸಿರುತ್ತಾರೆ; ಹೊಸದನ್ನು ಒಂದು ದಿನ ನೆರಳಲ್ಲಿ ಹರಡದೆ ಕಟ್ಟಿದರೆ ಮುಖ ಉರಿಯುತ್ತದೆ, ಜನ ಬಿಚ್ಚಿಡುತ್ತಾರೆ. ಒಗೆದು ಬಿಸಿಲಿಗೆ ಹಾಕಿದರೆ ಕೀಟನಾಶಕ ಬೇಗ ಸತ್ವ ಕಳೆದುಕೊಳ್ಳುತ್ತದೆ. ಹಳೆಯ ಬಗೆಯ ಪರದೆಯಲ್ಲಿರುವ ಪೈರೆಥ್ರಾಯ್ಡ್ ಕೀಟನಾಶಕಕ್ಕೆ ಸೊಳ್ಳೆ ಒಗ್ಗಿಹೋದ ಕಡೆ ಅದು ಬೇಡ, ಕ್ಲೋರ್‌ಫೆನಪೈರ್ ಎಂಬ ಇನ್ನೊಂದು ಕೀಟನಾಶಕವೂ ಸೇರಿದ್ದು ಕೊಡಿ ಎಂದು ಪಟ್ಟು ಹಿಡಿಯುವುದೂ ಅಡ್ವೊಕೆಸಿಯೇ; ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅದನ್ನು ಶಿಫಾರಸು ಮಾಡಿದೆ.

ಇನ್ನೊಂದು ವಿಷಯ, ಮಂಗಳೂರಿನವರಿಗೆ ಬೇಗ ಅರ್ಥವಾಗುವಂಥದ್ದು. ನಮ್ಮ ನಗರಗಳ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ 2012ರಲ್ಲಿ ಪೂರ್ವ ಆಫ್ರಿಕಾದ ಜಿಬೂಟಿಯಲ್ಲಿ ಕಾಣಿಸಿಕೊಂಡಿತು, ಆಮೇಲೆ ಇಥಿಯೋಪಿಯಾದಲ್ಲಿ. ಇದು ಮೊಟ್ಟೆ ಇಡುವುದು ನೀರಿನ ಟ್ಯಾಂಕು, ಡ್ರಮ್ಮು, ಕಟ್ಟಡ ಕಾಮಗಾರಿಯ ಗುಂಡಿಗಳಲ್ಲಿ. ಇದಕ್ಕೆ ಪರದೆಯೊಂದೇ ಸಾಲದು. ಅಲ್ಲಿ ಮನವಿ ಹೋಗಬೇಕಾದ್ದು ನಗರಸಭೆಗೆ ಮತ್ತು ನೀರು ಸರಬರಾಜಿನವರಿಗೆ: ಟ್ಯಾಂಕಿಗೆ ಬಿಗಿ ಮುಚ್ಚಳ, ಕಾಮಗಾರಿ ಜಾಗದ ತಪಾಸಣೆ, ಮತ್ತು ಜನ ಡ್ರಮ್ಮಿನಲ್ಲಿ ನೀರು ಕೂಡಿಡಬೇಕಾಗದಷ್ಟು ಸರಿಯಾದ ನೀರು ಸರಬರಾಜು.