ವಾಹನ ಪ್ರಶ್ನೋತ್ತರ: ಸ್ಟಿಯರಿಂಗ್ ಆಯಿಲ್ ಎಲ್ಲಿಂದ ಸೋರುತ್ತಿದೆ?

ಹಳೆಯ ಕಾರುಗಳ ಪವರ್ ಸ್ಟಿಯರಿಂಗ್ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಮ್ಮದು 2009ರ ಇನ್ನೋವಾ ಡೀಸೆಲ್, 2.4 ಲಕ್ಷ ಕಿ.ಮೀ. ಓಡಿದೆ. ಮೂರು ತಿಂಗಳಿಂದ ಸ್ಟಿಯರಿಂಗ್ ಆಯಿಲ್ ಇಳಿಯುತ್ತಿದೆ, ಹದಿನೈದು ದಿನಕ್ಕೊಮ್ಮೆ 150 ಮಿ.ಲೀ.ನಷ್ಟು ಹಾಕಬೇಕಾಗಿದೆ. ಬೆಳಿಗ್ಗೆ ಗಾಡಿ ತೆಗೆದರೆ ನೆಲದ ಮೇಲೆ ಕೆಂಪು ಕಲೆ. ಗ್ಯಾರೇಜಿನಲ್ಲಿ ಜಾಕಿ ಹಾಕಿ ನೋಡಿ, "ರ‍್ಯಾಕ್ ಹೋಗಿದೆ, ಅಸೆಂಬ್ಲಿನೇ ಬದಲಾಯಿಸಬೇಕು" ಅಂದರು. ಅಷ್ಟು ಖರ್ಚು ನಿಜವಾಗಿಯೂ ಬೇಕೇ?
— ಓದುಗರು, ಶಿವಮೊಗ್ಗ

ಉತ್ತರ: ಬೇಕಾಗಬಹುದು, ಬೇಡದೆಯೂ ಇರಬಹುದು. ಕೆಳಗಿನಿಂದ ಒಂದು ಸಲ ಇಣುಕಿ ಹೇಳುವ ಮಾತಲ್ಲ ಇದು. ಇಡೀ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಕೆಳಗೆ ಕೂತಿರುವುದು, ಸ್ಟಿಯರಿಂಗಿನ ತಿರುವನ್ನು ಮುಂದಿನ ಚಕ್ರಗಳಿಗೆ ದಾಟಿಸುವ ಉದ್ದನೆಯ ಭಾಗವಾದ ರ‍್ಯಾಕ್. ಮೇಲೆ ಆಯಿಲ್ ಡಬ್ಬಿಯ ಕ್ಲ್ಯಾಂಪ್ ಸಡಿಲವಾಗಿದ್ದರೂ, ಪಂಪಿನ ಸೀಲ್ ಹೋಗಿದ್ದರೂ ಆಯಿಲ್ ಪೈಪ್ ಹಿಡಿದು ಇಳಿದು ಬಂದು ರ‍್ಯಾಕಿನ ಮೇಲೇ ನಿಲ್ಲುತ್ತದೆ, ಅಲ್ಲಿಂದ ತೊಟ್ಟಿಕ್ಕುತ್ತದೆ. ರ‍್ಯಾಕ್ ಒದ್ದೆಯಾಗಿದೆ ಎಂದಮಾತ್ರಕ್ಕೆ ಸೋರುತ್ತಿರುವುದು ಅದೇ ಎಂದಲ್ಲ. ಮೂಲ ಸಿಗುವವರೆಗೆ ಒಂದು ಬೋಲ್ಟನ್ನೂ ಬಿಚ್ಚಿಸಬೇಡಿ.

ಮೊದಲು ಅದು ಸ್ಟಿಯರಿಂಗ್ ಆಯಿಲ್ಲೇ ಎಂದು ಖಾತ್ರಿ ಮಾಡಿಕೊಳ್ಳಿ. ಟೊಯೋಟಾ ಗಾಡಿಗಳ ಕೂಲಂಟ್ ಕೂಡ ಕೆಂಪು ಇಲ್ಲವೇ ಗುಲಾಬಿ ಬಣ್ಣದ್ದೇ. ಹನಿ ಬೀಳುವ ಜಾಗಕ್ಕೆ ರಾತ್ರಿ ಒಂದು ಹಳೆಯ ಸ್ಟೀಲ್ ತಟ್ಟೆ ಇಡಿ. ಬೆಳಿಗ್ಗೆ ಸಿಕ್ಕ ಹನಿಯನ್ನು ಬೆರಳ ತುದಿಯಲ್ಲಿ ತೆಗೆದು ಲೋಟದ ನೀರಿಗೆ ಬಿಡಿ. ಕೂಲಂಟ್ ಆದರೆ ನೀರಲ್ಲಿ ಕರಗಿ ಮಾಯವಾಗುತ್ತದೆ. ಆಯಿಲ್ ಆದರೆ ಸಾರಿನ ಮೇಲಿನ ಎಣ್ಣೆಯಂತೆ ದುಂಡಗೆ ತೇಲುತ್ತದೆ. ಡಬ್ಬಿಯ ಮಟ್ಟ ಇಳಿಯುತ್ತಿರುವುದರಿಂದ ನಿಮ್ಮಲ್ಲಿ ಅನುಮಾನ ಕಡಿಮೆ, ಆದರೂ ಹಳೆಯ ಗಾಡಿಯಲ್ಲಿ ಎರಡೂ ಒಟ್ಟಿಗೆ ಸೋರುವುದುಂಟು.

ನಂತರ ತೊಳೆಯಬೇಕು. ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಇದೇ. ಇಂಜಿನ್ ಪೂರ್ತಿ ತಣ್ಣಗಿರುವಾಗ ಆಲ್ಟರ್ನೇಟರಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಡಿಗ್ರೀಸರ್ ಮತ್ತು ಬ್ರಷ್ ಹಿಡಿದು ಡಬ್ಬಿ, ಪಂಪ್, ಎರಡೂ ಹೋಸ್ (ಪಂಪಿನಿಂದ ಒತ್ತಡದ ಆಯಿಲ್ ಒಯ್ಯುವ ಪ್ರೆಷರ್ ಹೋಸ್, ಅದನ್ನು ಡಬ್ಬಿಗೆ ಮರಳಿಸುವ ರಿಟರ್ನ್ ಹೋಸ್), ರ‍್ಯಾಕ್ ಎಲ್ಲವನ್ನೂ ಜಿಡ್ಡು ಹೋಗುವಂತೆ ತೊಳೆದು ಒರೆಸಿ. ಪೆಟ್ರೋಲ್ ಬಳಸಬೇಡಿ. ಒಣಗಿದ ಮೇಲೆ ಡಬ್ಬಿಯಲ್ಲಿ ಗುರುತಿನವರೆಗೆ ಆಯಿಲ್ ತುಂಬಿಸಿ. ನಿಮ್ಮ ಗಾಡಿಗೆ ಡೆಕ್ಸ್‌ರಾನ್ 2 ಅಥವಾ 3 ದರ್ಜೆಯ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಕೆಂಪು ಆಯಿಲ್). ತಣ್ಣಗಿದ್ದಾಗ ತಣ್ಣಗಿನ ಗುರುತನ್ನೇ ನೋಡಿ. ಬಿಸಿಯ ಗುರುತಿನವರೆಗೆ ತುಂಬಿಸಿದರೆ ಕಾದಾಗ ಉಬ್ಬಿ ಮುಚ್ಚಳದಿಂದ ಉಕ್ಕುತ್ತದೆ, ನೀವು ಇಲ್ಲದ ಸೋರಿಕೆಯನ್ನು ಹುಡುಕುತ್ತ ಕೂರುತ್ತೀರಿ.

ಈಗ ಒಬ್ಬರನ್ನು ಸೀಟಿನಲ್ಲಿ ಕೂರಿಸಿ ಇಂಜಿನ್ ಸ್ಟಾರ್ಟ್ ಮಾಡಿಸಿ, ಐಡ್ಲಿಂಗಿನಲ್ಲೇ ಸ್ಟಿಯರಿಂಗನ್ನು ಈ ಕೊನೆಯಿಂದ ಆ ಕೊನೆಗೆ ಹತ್ತು ಸಲ ತಿರುಗಿಸಲು ಹೇಳಿ. ಪ್ರತಿ ಕೊನೆಯಲ್ಲಿ ಎರಡು ಮೂರು ಸೆಕೆಂಡ್ ಹಿಡಿದರೆ ಸಾಕು, ಐದು ಸೆಕೆಂಡ್ ದಾಟಬಾರದು. ಆಗ ಪಂಪಿನ ಒತ್ತಡ 70-80 ಬಾರ್‌ಗೆ ಏರುತ್ತದೆ. ಟೈರಿನ ಗಾಳಿ 2.3 ಬಾರ್ ಎಂದರೆ ಇದು ಅದರ ಮೂವತ್ತು ಪಟ್ಟು. ಹೀಗಾಗಿ ಪ್ರೆಷರ್ ಹೋಸಿನ ಉದ್ದಕ್ಕೂ ಕೈಯಾಡಿಸಿ ಸೋರಿಕೆ ಹುಡುಕುವ ಕೆಲಸ ಬೇಡವೇ ಬೇಡ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಆಯಿಲ್ ಚರ್ಮದೊಳಕ್ಕೆ ಹೋಗಬಲ್ಲದು. ಗಾಯ ಚುಕ್ಕೆಯಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಪರಿಸ್ಥಿತಿ ಅದು. ಒಂದು ರಟ್ಟಿನ ತುಂಡನ್ನು ಹೋಸಿನ ಪಕ್ಕ ಹಿಡಿಯಿರಿ, ಕಲೆ ರಟ್ಟಿನ ಮೇಲೆ ಬೀಳುತ್ತದೆ. ಫ್ಯಾನ್, ಬೆಲ್ಟ್ ತಿರುಗುತ್ತಿರುತ್ತವೆ, ಅಂಗಿ ತೋಳು, ದುಪಟ್ಟಾ ಜೋಪಾನ.

ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ ನೋಡುತ್ತ ಬನ್ನಿ. ಒದ್ದೆಯಾಗಿರುವ ಎಲ್ಲಕ್ಕಿಂತ ಎತ್ತರದ ಜಾಗವೇ ಸಾಮಾನ್ಯವಾಗಿ ಮೂಲ.

ಡಬ್ಬಿಗೆ ಬರುವ ರಿಟರ್ನ್ ಹೋಸ್ ಗಟ್ಟಿಯಾಗಿ ತುದಿಯಲ್ಲಿ ಬಿರುಕು ಬಿಟ್ಟಿರುವುದು ತೀರಾ ಸಾಮಾನ್ಯ, ರಿಪೇರಿಯೂ ಅಗ್ಗ. ತುದಿಯಲ್ಲಿ ಉದ್ದ ಮಿಕ್ಕಿದ್ದರೆ 2 ಸೆಂ.ಮೀ. ಕತ್ತರಿಸಿ ಹೊಸ ಕ್ಲ್ಯಾಂಪ್ ಹಾಕಿ, ಇಲ್ಲದಿದ್ದರೆ ಹೋಸನ್ನೇ ಬದಲಾಯಿಸಿ. ರೇಡಿಯೇಟರಿನ ನೀರಿನ ಹೋಸ್ ಹಾಕಿಸಿಕೊಳ್ಳಬೇಡಿ, ಅದರ ರಬ್ಬರ್ ಆಯಿಲ್ ಕುಡಿದು ಕೆಲವೇ ತಿಂಗಳಲ್ಲಿ ಮೆತ್ತಗಾಗಿ ಜಾರುತ್ತದೆ.

ಪ್ರೆಷರ್ ಹೋಸ್ ಹೆಚ್ಚಾಗಿ ಸೋರುವುದು ನಡುವಿನಲ್ಲಲ್ಲ, ರಬ್ಬರನ್ನು ಲೋಹದ ಪೈಪಿಗೆ ಒತ್ತಿ ಕೂರಿಸಿದ ಕಾಲರಿನ ಬಳಿ. ಅಲ್ಲಿ ಹನಿ ಕಾಣದು, ಬೆವರಿದ ಹಾಗೆ ಒದ್ದೆ, ಅದರ ಮೇಲೆ ದಪ್ಪಗೆ ಕೂತ ಧೂಳು. ಆ ಕಾಲರಿನ ಮೇಲೆ ಕ್ಲ್ಯಾಂಪ್ ಬಿಗಿದರೆ ಒಂದು ವಾರವೂ ನಿಲ್ಲದು. ಕಂಪನಿಯ ಹೋಸ್ ಸಿಕ್ಕರೆ ಅದೇ ಒಳ್ಳೆಯದು, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಬಹುದು. ಸಿಗದಿದ್ದರೆ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಜೆಸಿಬಿ, ಟಿಪ್ಪರ್‌ಗಳಿಗೆ ಹೈಡ್ರಾಲಿಕ್ ಹೋಸ್ ಕ್ರಿಂಪ್ ಮಾಡುವ ಅಂಗಡಿಗಳಿವೆ. ಹಳೆಯ ಹೋಸ್ ಒಯ್ದರೆ ಅದರ ತುದಿಗಳನ್ನೇ ಉಳಿಸಿ ನಡುವಿನ ರಬ್ಬರ್ ಬದಲಾಯಿಸಿ ಕೊಡುತ್ತಾರೆ. ಒಂದು ಮಾತನ್ನು ಮಾತ್ರ ಒತ್ತಿ ಹೇಳಿ: ಪವರ್ ಸ್ಟಿಯರಿಂಗಿಗೇ ಇರುವ ಹೋಸ್ ಬೇಕು. ಸಾಮಾನ್ಯ ಹೈಡ್ರಾಲಿಕ್ ಹೋಸ್ ಒತ್ತಡ ತಡೆದರೂ 100 ಡಿಗ್ರಿ ಶಾಖದವರೆಗಿನ ಲೆಕ್ಕದ್ದು. ಇಂಜಿನ್ ಪಕ್ಕದ ಕಾವಿಗೆ ಅದು ಬೇಗ ಗಟ್ಟಿಯಾಗುತ್ತದೆ. ಉದ್ದ, ಬಾಗು ಎರಡೂ ಹಳೆಯದರಂತೆಯೇ ಇರಲಿ. ಟೊಳ್ಳು ಬೋಲ್ಟಿನ ಜೋಡಣೆ ಇದ್ದರೆ ಅದರ ಎರಡೂ ಬದಿಯ ತಾಮ್ರದ ವಾಷರ್ ಪ್ರತಿ ಸಲ ಹೊಸದೇ ಆಗಬೇಕು. ಒಮ್ಮೆ ಬಿಗಿದ ವಾಷರ್ ಚಪ್ಪಟೆಯಾಗಿರುತ್ತದೆ, ಎರಡನೇ ಸಲ ಎಷ್ಟು ಬಿಗಿದರೂ ಜಿನುಗುತ್ತದೆ.

ಪಂಪಿನ ಶಾಫ್ಟ್ ಸೀಲ್ ಹೋದರೆ ಪುಲ್ಲಿಯ ಹಿಂದೆ ಒದ್ದೆ ಕಾಣುತ್ತದೆ. ಮೇಲಿನಿಂದ ಕೆಳಕ್ಕೆ ನೋಡುವ ಲೆಕ್ಕ ತಪ್ಪುವುದು ಇಲ್ಲಿಯೇ, ಏಕೆಂದರೆ ತಿರುಗುವ ಪುಲ್ಲಿ ಆಯಿಲ್ಲನ್ನು ಮೇಲಕ್ಕೂ ಎರಚುತ್ತದೆ. ಪುಲ್ಲಿಯ ನೇರಕ್ಕೆ ಬಾನೆಟ್ಟಿನ ಒಳಬದಿಯಲ್ಲಿ ಗೆರೆಯಂತೆ ಕಲೆ ಇದೆಯೇ ನೋಡಿ. ಸೀಲ್ ಬದಲಾಯಿಸುವಾಗ ಶಾಫ್ಟಿನ ಮೇಲೆ ಉಗುರು ಎಳೆದು ನೋಡಲು ಮೆಕ್ಯಾನಿಕ್‌ಗೆ ಹೇಳಿ. ಸೀಲ್ ಕೂರುವ ಜಾಗದಲ್ಲಿ ಉಗುರು ತಡೆದರೆ ಶಾಫ್ಟ್ ಸವೆದಿದೆ. ಬೇರಿಂಗ್ ಆಟ ಇದ್ದರೂ ಅಷ್ಟೇ, ಹೊಸ ಸೀಲ್ ಬೇಗನೆ ಮತ್ತೆ ಹೋಗುತ್ತದೆ. ಹಾಗಿದ್ದಾಗ ಪಂಪನ್ನೇ ಬದಲಾಯಿಸುವುದು ವಾಸಿ.

ಇನ್ನು ರ‍್ಯಾಕ್. ಅದರ ಎರಡೂ ತುದಿಯಲ್ಲಿ ಅಕಾರ್ಡಿಯನ್ನಿನ ಹಾಗೆ ಮಡಿಕೆ ಮಡಿಕೆಯಾದ ರಬ್ಬರ್ ಬೂಟ್ ಇದೆ. ಇಂಜಿನ್ ಆಫ್ ಮಾಡಿ ಅದನ್ನು ಕೈಯಲ್ಲಿ ಹಿಸುಕಿ. ಬರೀ ಗಾಳಿ ಇದ್ದರೆ ಸಲೀಸಾಗಿ ಮಡಿಚುತ್ತದೆ. ಹಾಲಿನ ಪ್ಯಾಕೆಟ್ ಒತ್ತಿದಂತೆ ಒಳಗೆ ಏನೋ ಜಾರಿದರೆ ಅದು ಆಯಿಲ್. ಹೊರತುದಿಯ ಕ್ಲಿಪ್ ತೆಗೆದು ಬೂಟ್ ಸರಿಸಿದಾಗ ಸುರಿದರೆ ರ‍್ಯಾಕಿನ ಸೀಲ್ ಹೋಗಿರುವುದು ಖಚಿತ. ಗ್ರೀಸಿನ ಪಸೆ ಅಷ್ಟೇ ಇದ್ದರೆ ಚಿಂತೆಯಿಲ್ಲ. ರ‍್ಯಾಕಿನ ಮೇಲ್ಭಾಗದಲ್ಲಿ, ಸ್ಟಿಯರಿಂಗ್ ಕಾಲಮ್ ಬಂದು ಸೇರುವಲ್ಲಿ ಇನ್ನೊಂದು ಸೀಲ್ ಇದೆ, ಅದನ್ನೂ ನೋಡಿ.

ರ‍್ಯಾಕ್ ಸೀಲೇ ಹೋಗಿದ್ದರೂ ಅಸೆಂಬ್ಲಿ ಬೇಕೇ, ಸೀಲ್ ಕಿಟ್ ಸಾಕೇ ಎಂಬುದನ್ನು ಹೇಳುವುದು ಒಳಗಿನ ರಾಡ್. ನಿಮ್ಮ ಕಡೆಯ ಮಳೆಗೆ ಬೂಟ್ ಹರಿದು ಕೆಸರು ನೀರು ಒಳಗೆ ಹೋಗಿದ್ದರೆ ರಾಡಿನ ಮೇಲೆ ತುಕ್ಕಿನ ಕುಳಿಗಳಿರುತ್ತವೆ. ಆ ಕುಳಿ ಪ್ರತಿ ತಿರುವಿನಲ್ಲೂ ಸೀಲನ್ನು ಅರದಂತೆ ಉಜ್ಜುತ್ತದೆ. ಅಂಥ ರ‍್ಯಾಕಿಗೆ ಕಿಟ್ ಹಾಕಿದ ಹಣ ನೀರಿಗೆ ಹಾಕಿದಂತೆ. ರಾಡ್ ಕನ್ನಡಿಯಂತೆ ನುಣುಪಾಗಿದ್ದರೆ ಅಸೆಂಬ್ಲಿ ಬೇಕಿಲ್ಲ, ಅನುಭವ ಇರುವ ಕೈಯಿಂದ ಕಿಟ್ ಹಾಕಿಸಿ. ರ‍್ಯಾಕ್ ಇಳಿಸುವ ಮುಂಚೆ ಚಕ್ರ ನೇರ ಮಾಡಿ, ಸ್ಟಿಯರಿಂಗನ್ನು ಸೀಟ್‌ ಬೆಲ್ಟಿನಿಂದ ಬಿಗಿಯಾಗಿ ಕಟ್ಟಿಸಿ, ಕಾಲಮ್ ಜಾಯಿಂಟಿಗೆ ಬಣ್ಣದ ಗುರುತು ಹಾಕಿಸಿ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಕಾಲಮ್ ಬಿಚ್ಚಿದ ಮೇಲೆ ಸ್ಟಿಯರಿಂಗ್ ಸುಮ್ಮನೆ ಸುತ್ತಿದರೆ ಒಳಗಿನ ಸುರುಳಿ ಕೇಬಲ್ ಹರಿಯುತ್ತದೆ, ಏರ್‌ಬ್ಯಾಗ್ ದೀಪ ಹತ್ತಿಕೊಳ್ಳುತ್ತದೆ. ಚಕ್ರದ ಕಡೆ ಸೇರುವ ಟೈರಾಡ್ ಎಂಡ್ ತೆಗೆಯುವಾಗ ಎಷ್ಟು ಸುತ್ತು ಎಂದು ಎಣಿಸಿಟ್ಟುಕೊಳ್ಳಲಿ, ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಕಡ್ಡಾಯ.

ಯಾವ ಭಾಗ ಬದಲಾಯಿಸಿದರೂ ಗಾಳಿ ತೆಗೆಯಬೇಕು. ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬರೀ ಜಾಕಿಯನ್ನು ನಂಬಬೇಡಿ. ಇಂಜಿನ್ ಆಫ್ ಇರುವಾಗಲೇ ಡಬ್ಬಿ ತುಂಬಿಸಿ, ನಿಧಾನವಾಗಿ ಈ ಕೊನೆಯಿಂದ ಆ ಕೊನೆಗೆ ಇಪ್ಪತ್ತು ಸಲ ತಿರುಗಿಸಿ. ಮಟ್ಟ ಇಳಿದಂತೆಲ್ಲ ಸೇರಿಸಿ. ಗುಳ್ಳೆ ನಿಂತ ಮೇಲೆ ಸ್ಟಾರ್ಟ್ ಮಾಡಿ ಐದಾರು ಸಲ ತಿರುಗಿಸಿ, ಕೊನೆಯಲ್ಲಿ ಹಿಡಿಯಬೇಡಿ. ಆಯಿಲ್ ಹಾಲಿನಂತೆ ಬೆಳ್ಳಗಾದರೆ ಆಫ್ ಮಾಡಿ ಅರ್ಧ ಗಂಟೆ ಬಿಟ್ಟು ಮತ್ತೆ ಮಾಡಿ. ಒಂದೂವರೆ ಲೀಟರ್ ಆಯಿಲ್ ಕೈಯಲ್ಲಿರಲಿ.

ಇಷ್ಟೆಲ್ಲ ಮಾಡಿಯೂ ಮೂಲ ಸಿಗದಿದ್ದರೆ ಆಯಿಲ್ಲಿಗೆ ಬೆರೆಸುವ ಯುವಿ ಡೈ ಹಾಕಿ ಎರಡು ದಿನ ಓಡಿಸಿ. ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ಟರೆ ಸೋರುವ ಜಾಗ ಹಸಿರು ಹಳದಿಯಾಗಿ ಹೊಳೆಯುತ್ತದೆ.

ಪ್ರಶ್ನೆ: 2001ರ ಹೋಂಡಾ ಸಿಟಿ. ಬೆಳಿಗ್ಗೆ ಸ್ಟಾರ್ಟ್ ಮಾಡಿ ತಿರುಗಿಸಿದರೆ ನರಳುವಂಥ ಸದ್ದು. ಡಬ್ಬಿಯಲ್ಲಿ ನೊರೆ. ನೆಲದ ಮೇಲೆ ಒಂದು ಹನಿಯೂ ಇಲ್ಲ. ಪಂಪ್ ಬದಲಾಯಿಸಬೇಕೇ?
— ಓದುಗರು, ಮೈಸೂರು

ಉತ್ತರ: ಈಗಲೇ ಬೇಡ. ನಿಮ್ಮದೂ ಸೋರಿಕೆಯೇ, ಆದರೆ ಆಯಿಲ್ ಹೊರಗೆ ಹೋಗುತ್ತಿಲ್ಲ, ಗಾಳಿ ಒಳಗೆ ಬರುತ್ತಿದೆ. ಡಬ್ಬಿಯಿಂದ ಪಂಪಿಗೆ ಹೋಗುವ ಬದಿಯಲ್ಲಿ ಪಂಪ್ ಎಳೆಯುತ್ತಿರುತ್ತದೆ. ಅಲ್ಲಿ ಕೂದಲೆಳೆಯ ಸಂದು ಇದ್ದರೂ ಗಾಳಿ ಒಳಸೇರಿ ನೊರೆಯಾಗುತ್ತದೆ. ಹೋಂಡಾ ಗಾಡಿಗಳಲ್ಲಿ ಪಂಪಿಗೆ ಆಯಿಲ್ ಬರುವ ಜೋಡಣೆಯ ಓ-ರಿಂಗ್ ವಯಸ್ಸಾದಂತೆ ಗಟ್ಟಿಯಾಗಿ ಚಪ್ಪಟೆಯಾಗುವುದು ಎಲ್ಲ ಹಳೆಯ ಮೆಕ್ಯಾನಿಕ್‌ಗಳಿಗೂ ಗೊತ್ತಿರುವ ದೋಷ. ಜೋಡಣೆಯ ಬೋಲ್ಟ್ ಬಿಚ್ಚಿ, ಹಳೆಯ ರಿಂಗ್ ತೆಗೆದು, ಕೂರುವ ಗುಂಡಿಯನ್ನು ಒರೆಸಿ, ಹೊಸ ರಿಂಗಿಗೆ ಸ್ಟಿಯರಿಂಗ್ ಆಯಿಲ್ ಸವರಿ ಕೂರಿಸಿ. ಅದೇ ಹೋಸಿನ ಕ್ಲ್ಯಾಂಪುಗಳನ್ನೂ ಬದಲಾಯಿಸಿ. ಅಳತೆಯ ರಿಂಗ್ ಸಿಗುತ್ತಿಲ್ಲವೆಂದು ನೀರಿನ ನಲ್ಲಿಯ ವಾಷರ್ ಹಾಕಬೇಡಿ. ಆಯಿಲ್ ತಡೆಯುವ ನೈಟ್ರೈಲ್ ರಬ್ಬರಿನದ್ದೇ ಬೇಕು.

ಈ ಗಾಡಿಗೆ ಎಟಿಎಫ್ ಹಾಕಬಾರದು, ಹೋಂಡಾದ್ದೇ ಪಿಎಸ್ಎಫ್ (ಪವರ್ ಸ್ಟಿಯರಿಂಗ್ ಫ್ಲೂಯಿಡ್) ಹಾಕಿ. ಹಿಂದಿನವರು ಕೆಂಪು ಆಯಿಲ್ ಹಾಕಿದ್ದರೆ ಪೂರ್ತಿ ಬದಲಾಯಿಸಿ. ಇಷ್ಟು ಮಾಡಿ ಗಾಳಿ ತೆಗೆದ ಮೇಲೂ ನರಳಿದರೆ ಆಗ ಪಂಪ್ ನೋಡೋಣ.

ಪ್ರಶ್ನೆ: ಪೆಟ್ರೋಲ್ ಬಂಕಿನಲ್ಲಿ ಆಯಿಲ್ ಹಾಕಿದ ಹುಡುಗ ನನ್ನ ಹ್ಯುಂಡೈ ಆ್ಯಕ್ಸೆಂಟಿನ ಸ್ಟಿಯರಿಂಗ್ ಡಬ್ಬಿಗೆ ಬ್ರೇಕ್ ಆಯಿಲ್ ಸುರಿದಿದ್ದಾನೆ. ಏನು ಮಾಡಲಿ?
— ಓದುಗರು, ಹುಬ್ಬಳ್ಳಿ

ಉತ್ತರ: ಸ್ಟಾರ್ಟ್ ಮಾಡಿಲ್ಲವಾದರೆ ಮಾಡಲೇಬೇಡಿ. ಬ್ರೇಕ್ ಆಯಿಲ್ ಗ್ಲೈಕಾಲಿನಿಂದ ಆದದ್ದು, ಸ್ಟಿಯರಿಂಗಿನ ರಬ್ಬರ್ ಸೀಲುಗಳು ಅದಕ್ಕೆ ಉಬ್ಬಿ ಮೆತ್ತಗಾಗುತ್ತವೆ. ಸಿರಿಂಜಿನಿಂದ ಎಲ್ಲವನ್ನೂ ಎಳೆದು, ಡಬ್ಬಿ ಬಿಚ್ಚಿ ತೊಳೆದು, ಕೆಳಗಿನ ಹೋಸ್ ಖಾಲಿ ಮಾಡಿ ಪಿಎಸ್ಎಫ್-3 ತುಂಬಿಸಿ.

ಗಾಡಿ ಓಡಿದ್ದರೆ ಪೂರ್ತಿ ಫ್ಲಶ್ ಮಾಡಬೇಕು. ಮುಂದಿನ ಚಕ್ರ ಎತ್ತಿ, ರಿಟರ್ನ್ ಹೋಸನ್ನು ಡಬ್ಬಿಯಿಂದ ಬಿಚ್ಚಿ ಬಾಟಲಿಗೆ ಬಿಟ್ಟು, ಡಬ್ಬಿಯ ಆ ಬಾಯಿಗೆ ಬಿರಡೆ ಹಾಕಿ. ಇಂಜಿನ್ ಆಫ್ ಇರುವಾಗಲೇ ಒಬ್ಬರು ತಿರುಗಿಸುತ್ತಿರಲಿ, ಇನ್ನೊಬ್ಬರು ಹೊಸ ಆಯಿಲ್ ಹಾಕುತ್ತಿರಲಿ. ಡಬ್ಬಿ ಖಾಲಿಯಾಗಲು ಬಿಡಬೇಡಿ. ಎರಡು ಲೀಟರ್ ಹೋಗಲಿ, 200 ಕಿ.ಮೀ. ಓಡಿಸಿ ಇನ್ನೊಮ್ಮೆ ಅದೇ ಕೆಲಸ ಮಾಡಿ. ಮುಂದಿನ ಕೆಲವು ತಿಂಗಳು ಪ್ರತಿ ವಾರ ಮಟ್ಟ ನೋಡುತ್ತಿರಿ, ಉಬ್ಬಿದ ಸೀಲ್ ತಡವಾಗಿಯೂ ಸೋರಬಹುದು.

ಪ್ರಶ್ನೆ: ಸೋರಿಕೆ ನಿಲ್ಲಿಸುತ್ತದೆ ಎಂದು ಮಾರುವ ಬಾಟಲಿ ಹಾಕಬಹುದೇ?
— ಓದುಗರು, ಕುಂದಾಪುರ

ಉತ್ತರ: ಅದು ಮಾಡುವುದಿಷ್ಟೇ: ಒಣಗಿ ಕುಗ್ಗಿದ ಸೀಲನ್ನು ಸ್ವಲ್ಪ ಮೆತ್ತಗೆ ಮಾಡಿ ಹಿಗ್ಗಿಸುತ್ತದೆ. ಸೀಲಿನಿಂದ ಸಣ್ಣಗೆ ಜಿನುಗುತ್ತಿದ್ದರೆ ಕೆಲವು ತಿಂಗಳು ತಳ್ಳಬಹುದು. ಒಡೆದ ಹೋಸ್, ಸಡಿಲ ಕ್ಲ್ಯಾಂಪ್, ಕುಳಿ ಬಿದ್ದ ರಾಡ್ ಇದ್ದರೆ ಏನೂ ಪ್ರಯೋಜನವಿಲ್ಲ. ನಾವು ಇದನ್ನು ಹೇಳುವುದು ಮಾರಲು ಹೊರಟ ಗಾಡಿಗಲ್ಲ, ರಿಪೇರಿಯ ದಿನ ಗೊತ್ತುಮಾಡಿಕೊಂಡವರಿಗೆ ಮಾತ್ರ.

ಪ್ರಶ್ನೆ: ಹಳೆಯ ಬೊಲೆರೊ. ಪ್ರೆಷರ್ ಹೋಸ್ ಒಡೆದಿದೆ, ಹೊಸದು ಬರಲು ವಾರ ಬೇಕಂತೆ. ಪಂಪಿನ ಬೆಲ್ಟ್ ತೆಗೆದು ಓಡಿಸಬಹುದೇ?
— ಓದುಗರು, ಕಲಬುರಗಿ

ಉತ್ತರ: ಆ ಬೆಲ್ಟ್ ಇನ್ನೇನನ್ನು ತಿರುಗಿಸುತ್ತಿದೆ ಎಂದು ಮೊದಲು ನೋಡಿ. ಪಂಪಿಗೇ ಬೇರೆ ಬೆಲ್ಟ್ ಇದ್ದರೆ ತೆಗೆದು, ಹೋಸಿನ ಬಾಯಿ ಮುಚ್ಚಿ ಗ್ಯಾರೇಜಿನವರೆಗೆ ನಿಧಾನವಾಗಿ ಹೋಗಬಹುದು. ನಿಂತಲ್ಲಿ ತಿರುಗಿಸಲು ತುಂಬಾ ಭಾರ, ಓಡುವಾಗ ಸ್ವಲ್ಪ ಹಗುರ. ಅದೇ ಬೆಲ್ಟ್ ವಾಟರ್ ಪಂಪಿಗೂ ಆಲ್ಟರ್ನೇಟರಿಗೂ ಇದ್ದರೆ ತೆಗೆಯಲೇಬಾರದು. ಇಂಜಿನ್ ಕಾಯುವುದು ಒಂದು ಕಡೆ, ಹಲವು ಡೀಸೆಲ್ ಗಾಡಿಗಳಲ್ಲಿ ಬ್ರೇಕಿನ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಹಿಂಭಾಗದಲ್ಲೇ ಇರುತ್ತದೆ. ಆಲ್ಟರ್ನೇಟರ್ ನಿಂತರೆ ಬ್ರೇಕ್ ಕಲ್ಲಾಗುತ್ತದೆ.

ಬೆಲ್ಟ್ ತೆಗೆಯದೆ ಆಯಿಲ್ ಇಲ್ಲದೆ ಓಡಿಸುವುದಂತೂ ಬೇಡ. ಒಣ ಪಂಪ್ ತನ್ನನ್ನು ತಾನೇ ಅರೆದುಕೊಂಡು ಲೋಹದ ಪುಡಿಯನ್ನು ಸ್ಟಿಯರಿಂಗ್ ಬಾಕ್ಸಿಗೂ ಕಳಿಸುತ್ತದೆ. ಒಡೆದ ಹೋಸಿನ ಆಯಿಲ್ ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿಯ ಅಪಾಯವೂ ಇದೆ. ಬಿದ್ದದ್ದನ್ನು ಒರೆಸಿಯೇ ಸ್ಟಾರ್ಟ್ ಮಾಡಿ.

ಪ್ರಶ್ನೆ: 2012ರ ಸ್ವಿಫ್ಟಿನಲ್ಲಿ ಸ್ಟಿಯರಿಂಗ್ ಆಯಿಲ್ ಡಬ್ಬಿ ಎಲ್ಲಿದೆ? ಮುಂದೆ ಎಡಬದಿಗೆ ನೀರಿನಂಥ ಹನಿ ಬೀಳುತ್ತಿದೆ.
— ಓದುಗರು, ತುಮಕೂರು

ಉತ್ತರ: ಡಬ್ಬಿ ಇಲ್ಲ. ನಿಮ್ಮದು ಎಲೆಕ್ಟ್ರಿಕ್ ಸ್ಟಿಯರಿಂಗ್, ಅದರಲ್ಲಿ ಆಯಿಲ್ಲೇ ಇರುವುದಿಲ್ಲ. ಎಸಿ ಹಾಕಿದಾಗ ಮಾತ್ರ ಬೀಳುತ್ತಿದ್ದು, ಬಣ್ಣ, ವಾಸನೆ, ಜಿಡ್ಡು ಮೂರೂ ಇಲ್ಲದಿದ್ದರೆ ಅದು ಎಸಿಯ ನೀರು, ಬೀಳಲಿ ಬಿಡಿ. ಜಿಡ್ಡಿದ್ದರೆ ಬ್ರೇಕ್ ಆಯಿಲ್ ಡಬ್ಬಿಯ ಮಟ್ಟವನ್ನು ಇವತ್ತೇ ನೋಡಿ.